ಹಳೆಯ ದಫ್ತರಗಳ ರಕ್ಷಣೆ

ಊರಿನಲ್ಲಿ ತುಂಡು ಭೂಮಿಯನ್ನಿಟ್ಟುಕೊಂಡು ಪರಸ್ಥಳದಲ್ಲಿ ಹೊಟ್ಟೆಹೊರೆಯುವ ಕನ್ನಡಿಗನಿಗೂ ಆ ಭೂಮಿಗೂ ಇರುವ ಸಂಬಂಧ ಬಹುಮಟ್ಟಿಗೆ ಕಾಗದದ್ದು. ಗದ್ದೆಯ ಬದುವಿನ ಮೇಲೆ ನಿಂತು ‘ಇದು ನನ್ನದು’ ಎನ್ನಲು ಅವನು ಅಲ್ಲಿಲ್ಲ. ಅವನ ಪರವಾಗಿ ನಿಲ್ಲುವುದು ತಾಲ್ಲೂಕು ಕಚೇರಿಯ ಕಡತವೊಂದೇ. ಅದು ಗೆದ್ದಲಿಗೆ ತುತ್ತಾದರೆ, ಹೊಟೇಲಿನಲ್ಲಿ ರಜೆ ಬೇಡಿ ಊರಿಗೆ ಹೋದವನು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದುದರಿಂದ ಹಳೆಯ ಸರಕಾರಿ ದಾಖಲೆಗಳ ರಕ್ಷಣೆಯು ಇತಿಹಾಸ ಸಂಶೋಧಕರ ಚಿಂತೆ ಮಾತ್ರವೆಂದು ನಮ್ಮ ವಾಚಕರು ಭಾವಿಸಲಾಗದು.

ಈ ದಿಸೆಯಲ್ಲಿ ಕರ್ನಾಟಕವು ಹಿಂದೆ ಬಿದ್ದಿಲ್ಲ. ಈ ಶತಮಾನದ ಆರಂಭದಲ್ಲಿಯೇ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿತು. ಆದರೆ ಅದು ಅಂದಿನ ನಮೂದುಗಳನ್ನು ಬೆರಳಚ್ಚಿಸಿ ಸೇರಿಸಿದ ಕಾರ್ಯ. ವ್ಯಾಜ್ಯ ಬಂದಾಗ ನ್ಯಾಯಾಲಯವು ಪಹಣಿಯಲ್ಲಿ ಯಾರ ಹೆಸರಿದೆ ಎಂದಷ್ಟೇ ಕೇಳುವುದಿಲ್ಲ, ಆ ಹೆಸರು ಹೇಗೆ ಬಂತೆಂದೂ ಕೇಳುತ್ತದೆ. ಅದಕ್ಕೆ ಉತ್ತರವಿರುವುದು ಹಳೆಯ ಕೈಬರಹದ ವಹಿಗಳಲ್ಲಿ, ಮೋಜಣಿದಾರನ ಟಿಪ್ಪಣಿಯಲ್ಲಿ, ೧೯೭೪ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಗೇಣಿದಾರರು ಸಲ್ಲಿಸಿದ ೭ನೆಯ ನಮೂನೆಯ ಅರ್ಜಿಗಳಲ್ಲಿ, ಭೂ ನ್ಯಾಯಮಂಡಳಿಯ ತೀರ್ಪುಗಳಲ್ಲಿ. ಟಿಪ್ಪಣಿಯ ಒಂದು ಗೆರೆ ಮಾಸಿದರೆ ಗಡಿಯೇ ಮಾಸಿದಂತೆ. ತಾಲ್ಲೂಕು ಕಚೇರಿಗಳ ಇಂತಹ ದಾಖಲೆಗಳ ಛಾಯಾಪ್ರತಿ ತೆಗೆಯಲು ೨೦೨೪ರಲ್ಲಿ ‘ಭೂ ಸುರಕ್ಷಾ’ ಎಂಬ ಕಾರ್ಯ ಆರಂಭವಾದುದು ಸ್ತುತ್ಯವಾಗಿದೆ.

ಆದರೆ ನಮ್ಮ ಊರುಗಳ ದಫ್ತರವೆಲ್ಲ ಕರ್ನಾಟಕದಲ್ಲಿಯೇ ಇಲ್ಲ. ೧೯೫೬ರ ನವೆಂಬರ್ ೧ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಆಡಳಿತದಲ್ಲಿದ್ದವು. ಕಲಬುರ್ಗಿ, ಬೀದರ, ರಾಯಚೂರುಗಳು ಹೈದರಾಬಾದಿನಲ್ಲಿದ್ದವು. ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿತ್ತು. ಊರಿನ ಲೆಕ್ಕಪತ್ರಗಳು ಅಲ್ಲಲ್ಲಿ ಉಳಿದರೂ, ಮೇಲಿನ ಸರಕಾರಗಳ ಹುಕುಮು, ಪತ್ರವ್ಯವಹಾರಗಳು ಆಯಾ ರಾಜಧಾನಿಗಳ ದಫ್ತರಖಾನೆಗಳಲ್ಲಿಯೇ ನಿಂತವು. ಕೋಟೆ ಭಾಗದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿಯೂ ಚೆನ್ನೈಯ ಎಗ್ಮೋರಿನಲ್ಲಿಯೂ ಹೈದರಾಬಾದಿನ ತಾರ್ನಾಕಾದಲ್ಲಿಯೂ ನಮ್ಮ ನಾಡಿನ ಸಂಗತಿಗಳು ಇಂಗ್ಲಿಷ್, ಮೋಡಿ, ಉರ್ದು, ಪಾರಸಿ ಬರಹಗಳಲ್ಲಿ ಅಡಗಿವೆ. ಅನ್ನವನ್ನರಸಿ ನಾವು ಬಂದು ನೆಲೆಸಿದ ನಗರಗಳಿಗೆ ನಮ್ಮ ಕಾಗದಗಳು ನಮಗಿಂತ ಮೊದಲೇ ಬಂದಿದ್ದವು!

ಕಾಗದವು ಎಷ್ಟು ಅಸ್ಥಿರವೆಂಬುದನ್ನು ಮುಂಬಯಿಯ ಜನ ೨೦೧೨ರ ಜೂನ್ ೨೧ರಂದು ಕಣ್ಣಾರೆ ಕಂಡರು. ಅಂದು ಮಂತ್ರಾಲಯಕ್ಕೆ ಹತ್ತಿದ ಬೆಂಕಿಯಲ್ಲಿ ಜೀವಹಾನಿಯೂ ಆಯಿತು, ಕಡತಗಳೂ ಬೂದಿಯಾದವು. ಪ್ರತಿಯಿದ್ದ ಕಡತ ಉಳಿಯಿತು, ಇಲ್ಲದ್ದು ಹೋಯಿತು.

ಹಾಗೆಂದು ಯಂತ್ರಕ್ಕೆ ಏರಿಸಿದೊಡನೆ ಕರ್ತವ್ಯ ಮುಗಿಯಿತೆಂದು ಅಧಿಕಾರಿಗಳು ತಿಳಿಯಕೂಡದು. ಬೆರಳಚ್ಚಿನಲ್ಲಿ ಒಂದು ಅಂಕೆ ತಪ್ಪಿದರೂ ಬೇರೊಬ್ಬನ ಸರ್ವೆ ನಂಬರು ಆಗುತ್ತದೆ. ಆದುದರಿಂದ ಮೂಲ ಹಾಳೆಯ ಚಿತ್ರವೇ ಬೇಕು. ಚಿತ್ರ ತೆಗೆದ ಬಳಿಕ ಮೂಲವನ್ನು ರದ್ದಿಗೆ ಹಾಕಬಾರದು, ಏಕೆಂದರೆ ಯಂತ್ರವೂ ಕೆಡುತ್ತದೆ. ಪ್ರತಿಗಳು ಎರಡು ಬೇರೆ ಊರುಗಳಲ್ಲಿರಬೇಕು. ಗ್ರಾಮದ ಹೆಸರು, ಸರ್ವೆ ನಂಬರು, ವರ್ಷಗಳ ಅನುಕ್ರಮಣಿಕೆ ಕನ್ನಡದಲ್ಲಿರಬೇಕು. ಇಲ್ಲವಾದರೆ ಲಕ್ಷ ಚಿತ್ರಗಳೂ ಚೀಟಿಯಿಲ್ಲದ ಗಂಟುಗಳೇ. ಮೋಡಿ ಓದಬಲ್ಲವರು ವಿರಳವಾಗಿರುವುದರಿಂದ ಆ ವಿದ್ಯೆಯನ್ನು ಕಲಿಸುವ ಏರ್ಪಾಡೂ ಜೊತೆಗೇ ಆಗಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಸೂಕ್ತ ಪ್ರಮಾಣಪತ್ರವಿರುವ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ಆ ದೃಢೀಕೃತ ಪ್ರತಿಯು ಬಡವನಿಗೆ ಅಲ್ಪ ಶುಲ್ಕದಲ್ಲಿ, ಊರಿಗೆ ಅಲೆದಾಡದೆ ದೊರೆಯಬೇಕು.

ಕರ್ನಾಟಕ ಸರಕಾರವು ನೆರೆಯ ಮೂರು ಸರಕಾರಗಳೊಡನೆ ಮಾತನಾಡಿ, ೧೯೫೬ಕ್ಕೆ ಹಿಂದಿನ ಕನ್ನಡ ಜಿಲ್ಲೆಗಳ ದಾಖಲೆಗಳ ಪ್ರತಿಗಳನ್ನು ತರಿಸಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ. ಹೊರನಾಡಿನ ಕನ್ನಡ ಸಂಘಗಳು ಉತ್ಸವಗಳ ನಡುವೆ ಈ ಮನವಿಗೂ ಒಂದು ದಿನ ಮೀಸಲಿಡಲಿ. ಕಚೇರಿಗಳ ನಮ್ಮ ಗುಮಾಸ್ತರಿಗೆ ಅರ್ಜಿ ಬರೆಯುವ ಬಗೆ ತಿಳಿದಿದೆ; ಹೊಟೇಲಿನ ಸೋದರರಿಗೆ ಅವರು ನೆರವಾಗಲಿ. ಮುಂದಿನ ಸಲ ಊರಿಗೆ ಹೋದಾಗ ಹಿರಿಯರು ಬದುಕಿರುವಾಗಲೇ ಸರ್ವೆ ನಂಬರುಗಳನ್ನು ಕೇಳಿ ಬರೆದುಕೊಳ್ಳುವುದು ಪ್ರತಿಯೊಬ್ಬರ ಕೈಲಾಗುವ ಕೆಲಸ. ಸರಕಾರ ಕಪಾಟು ತೆರೆದ ದಿನ ಏನನ್ನು ಕೇಳಬೇಕೆಂಬುದಾದರೂ ನಮಗೆ ತಿಳಿದಿರಬೇಕಷ್ಟೆ.