ಗೋಡೆಯ ವಿರುದ್ಧ ನಿಂತ ಏಣಿ

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರಿಸಲು ಕೊಟ್ಟ ವಾಕ್ಯಗಳಲ್ಲಿ ಏಣಿಯೊಂದು ಗೋಡೆಗೆ ಒರಗಿರುವ ಪ್ರಸಂಗ ಬಂದರೆ, ತರಗತಿಯಲ್ಲಿ ಒಬ್ಬಿಬ್ಬರಾದರೂ ‘ಏಣಿಯು ಗೋಡೆಯ ವಿರುದ್ಧ ನಿಂತಿತ್ತು’ ಎಂದು ಬರೆಯುವುದುಂಟು. ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಗೀಟೆಳೆಯುತ್ತಾರೆ. ಹುಡುಗನಿಗಾದರೋ ತನ್ನ ತಪ್ಪೇನೆಂಬುದೇ ತಿಳಿಯದು. ‘ಅಗೆನ್‌ಸ್ಟ್’ ಎಂದರೆ ‘ವಿರುದ್ಧ’ ಎಂದು ಅವನಿಗೆ ಕಲಿಸಿದವರು ಅದೇ ಉಪಾಧ್ಯಾಯರು. ಆದರೆ ಏಣಿಗೂ ಗೋಡೆಗೂ ಯಾವ ವ್ಯಾಜ್ಯವೂ ಇಲ್ಲ. ಒಂದರ ಆಸರೆಯಲ್ಲಿ ಇನ್ನೊಂದು ನಿಂತಿದೆ, ಅಷ್ಟೆ.

ಈ ಪದ ಹುಟ್ಟಿನಿಂದಲೇ ಜಗಳಗಂಟಿಯಲ್ಲ. ‘ಮತ್ತೆ’ ಎಂಬರ್ಥದ ‘ಅಗೇನ್’ ಇದರ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಇವೆರಡಕ್ಕೂ ಮೂಲವಾದ ಒಂದೇ ಪದವಿದ್ದು, ಅದಕ್ಕೆ ‘ಅಭಿಮುಖವಾಗಿ’, ‘ಎದುರಾಗಿ’, ‘ಹಿಂದಿರುಗಿ’ ಎಂಬ ಅರ್ಥಗಳಿದ್ದವು. ಅದಕ್ಕೆ ಮೊದಲು ‘ಸ್’ಕಾರವೊಂದು ಪ್ರತ್ಯಯವಾಗಿ ಸೇರಿತು, 14ನೆಯ ಶತಮಾನದ ಸುಮಾರಿಗೆ ಯಾವ ವ್ಯಾಕರಣದ ಅಪ್ಪಣೆಯೂ ಇಲ್ಲದೆ ‘ಟ್’ಕಾರವೊಂದು ಬಾಲವಾಗಿ ಅಂಟಿತು. ‘ಅಮಂಗ್‌ಸ್ಟ್’, ‘ಅಮಿಡ್‌ಸ್ಟ್’ ಎಂಬ ಪದಗಳಿಗೆ ಅಂಟಿರುವುದೂ ಇದೇ ಬಾಲವೇ. ಎದುರಿಗೆ ನಿಂತವನು ಮಿತ್ರನೂ ಆಗಿರಬಹುದು, ಶತ್ರುವೂ ಆಗಿರಬಹುದು. ಕಾಲಕ್ರಮದಲ್ಲಿ ಶತ್ರುವಿನ ಅರ್ಥವೇ ಮೇಲಾಯಿತು.

ಇದರ ಜಾಡು ಹಿಡಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ನಮ್ಮ ‘ಎದುರು’ ಎಂಬ ಪದವೂ ಇದೇ ದಾರಿಯಲ್ಲಿ ನಡೆದುಬಂದಿದೆ. ಎದುರುಮನೆಯವರೊಡನೆ ಸಕ್ಕರೆ, ಕಾಫಿಪುಡಿಗಳ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ; ಮದುವೆಯ ದಿಬ್ಬಣವನ್ನು ಎದುರುಗೊಳ್ಳುವುದು ಆದರದ ಕೆಲಸ. ಆದರೆ ಎದುರಾಳಿ ಎಂದರೆ ಪ್ರತಿಸ್ಪರ್ಧಿ, ಎದುರುತ್ತರವೆಂದರೆ ಹಿರಿಯರಿಗೆ ಸಲ್ಲದ ಮಾತು. ವಚನಗಳ ಕನ್ನಡದಲ್ಲಿ ‘ಇದಿರು’ ಎಂದರೆ ಪರರು ಎಂದೇ ಅರ್ಥ. ‘ವಿರುದ್ಧ’ದ ಕಥೆಯೇ ಬೇರೆ. ಅದು ಸಂಸ್ಕೃತದ ‘ರುಧ್’ ಧಾತುವಿನಿಂದ ಬಂದದ್ದು. ತಡೆ, ಅಡ್ಡಿ ಎಂಬುದು ಅದರ ಮೈಯಲ್ಲೇ ಇದೆ. ಆಯುರ್ವೇದದವರು ಹಾಲನ್ನೂ ಮೀನನ್ನೂ ಕೂಡಿಸಿ ಉಣ್ಣುವುದನ್ನು ವಿರುದ್ಧಾಹಾರವೆಂದಿರುವುದು ಈ ಅರ್ಥದಲ್ಲಿಯೇ. ಆದುದರಿಂದ ‘ಅಗೆನ್‌ಸ್ಟ್’ಗೆ ಹತ್ತಿರದ ನೆಂಟ ‘ಎದುರು’. ‘ವಿರುದ್ಧ’ವು ಅದರ ಒಂದು ಮುಖವನ್ನು ಮಾತ್ರ ಬಲ್ಲುದು. ಡಾಲರಿನ ಎದುರು ರೂಪಾಯಿಯ ಬೆಲೆ ಕುಸಿಯಿತೆಂದು ಬರೆಯುವ ಪತ್ರಿಕೆಗಳು ಈ ಒಂದು ಕಡೆಯಲ್ಲಿ ಸರಿಯಾದ ಪದವನ್ನೇ ಹಿಡಿದಿವೆ.

ಇನ್ನೊಂದು ವಿನೋದವನ್ನೂ ಇಲ್ಲಿಯೇ ಹೇಳಿಬಿಡಬಹುದು. ‘ಜೊತೆಯಲ್ಲಿ’ ಎಂಬರ್ಥದ ‘ವಿತ್’ ಹಳೆಯ ಇಂಗ್ಲಿಷಿನಲ್ಲಿ ‘ಎದುರಾಗಿ’ ಎಂಬ ಅರ್ಥವನ್ನು ಕೊಡುತ್ತಿತ್ತು. ‘ವಿತ್‌ಸ್ಟ್ಯಾಂಡ್’ ಎಂದರೆ ಎದುರಿಸಿ ನಿಲ್ಲು ಎಂದಾಗುವುದು ಆ ಹಳೆಯ ಅರ್ಥ ಉಳಿದಿರುವುದರಿಂದಲೇ. ಒಬ್ಬನೊಡನೆ ಕಾದಾಡಿದರು ಎಂದು ಇಂಗ್ಲಿಷಿನಲ್ಲಿ ಬರೆದರೆ, ಅವನ ಪಕ್ಷ ವಹಿಸಿದರೋ ಅವನ ಮೇಲೆಯೇ ಬಿದ್ದರೋ ಎಂಬ ಸಂಶಯಕ್ಕೆ ಇಂದಿಗೂ ಎಡೆಯುಂಟು. ಅದನ್ನು ಕಂಡು ಕನ್ನಡಿಗರು ನಗುವಂತಿಲ್ಲ. ‘ಅವನೊಡನೆ ಜಗಳವಾಡಿದೆ’ ಎನ್ನುವಾಗ ನಮ್ಮ ‘ಒಡನೆ’ಯೂ ಒಡನಾಡಿಯನ್ನು ಬಿಟ್ಟು ವೈರಿಯ ಕಡೆ ವಾಲಿರುತ್ತದೆ.

ಇನ್ನು ನುಡಿಗಟ್ಟುಗಳು. ‘ಅಗೆನ್‌ಸ್ಟ್ ದ ಗ್ರೇನ್’ ಎಂಬುದು ಬಡಗಿಯ ಕೊಟ್ಟಿಗೆಯಿಂದ ಬಂದದ್ದು. ‘ಗ್ರೇನ್’ ಎಂದೊಡನೆ ಧಾನ್ಯದ ನೆನಪಾದರೆ ಕೆಲಸ ಕೆಟ್ಟಿತು. ಇಲ್ಲಿ ಅದು ಮರದೊಳಗಿನ ಎಳೆ. ಎಳೆ ಸಾಗಿದ ದಿಕ್ಕಿನಲ್ಲಿ ಕೀಸುಳಿ ಹಾಯಿಸಿದರೆ ಸಿಪ್ಪೆ ಸುರುಳಿಯಾಗಿ ಏಳುತ್ತದೆ; ಎದುರು ದಿಕ್ಕಿನಲ್ಲಿ ಹಾಯಿಸಿದರೆ ಎಳೆ ಕಿತ್ತುಬಂದು ಹಲಗೆಯ ಮೈಯೆಲ್ಲ ತರಚಿಹೋಗುತ್ತದೆ. ಷೇಕ್ಸ್‌ಪಿಯರನು ‘ಕೊರಿಯೊಲೇನಸ್’ ನಾಟಕದಲ್ಲಿ ಇದನ್ನು ಬಳಸಿದ್ದಾನೆ. ಕೊರಿಯೊಲೇನಸನನ್ನು ಅಧಿಕಾರಕ್ಕೆ ಆರಿಸಿ ಪೇಚಿಗೆ ಸಿಲುಕಿದ ರೋಮಿನ ಜನರಿಗೆ, ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಗೆ ಕೊಟ್ಟೆವೆಂದು ಹೇಳಿ ತಪ್ಪನ್ನು ನಮ್ಮ ಮೇಲೆ ಹೊರಿಸಿರೆಂದು ಅವರ ಮುಖಂಡರೇ ಉಪಾಯ ಹೇಳಿಕೊಡುವ ಸನ್ನಿವೇಶವದು. ಕನ್ನಡದಲ್ಲಿ ಮರವನ್ನೂ ಎಳೆಯನ್ನೂ ಹೊತ್ತು ತರುವ ಅಗತ್ಯವಿಲ್ಲ. ‘ಅದು ಅವನ ಜಾಯಮಾನಕ್ಕೆ ಒಗ್ಗದು’ ಎಂದರೆ ಮಾತು ಮುಗಿಯಿತು.

‘ಕಿಕ್ ಅಗೆನ್‌ಸ್ಟ್ ದ ಪ್ರಿಕ್ಸ್’ ಎಂಬುದಕ್ಕೆ ಮಾತ್ರ ನಮ್ಮವರಿಗೆ ವ್ಯಾಖ್ಯಾನವೇ ಬೇಡ. ಉಳುವ ಎತ್ತನ್ನು ಹಿಂದಿನಿಂದ ಮುಳ್ಳುಗೋಲಿನಿಂದ ತಿವಿಯುತ್ತಾರೆ. ಮುನಿದ ಎತ್ತು ಒದೆಯುತ್ತದೆ. ಒದ್ದಷ್ಟೂ ಮುಳ್ಳು ಆಳಕ್ಕೆ ಇಳಿಯುತ್ತದೆ. ಕ್ರಿ.ಪೂ. 458ರಲ್ಲಿ ಆಡಲ್ಪಟ್ಟ ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ಈ ಮಾತಿದೆ. ದಮಾಸ್ಕಸಿನ ದಾರಿಯಲ್ಲಿ ಪೌಲನಿಗೆ ಕೇಳಿಸಿದ ವಾಣಿಯಲ್ಲಿಯೂ ಇದೆ. 1611ರ ಇಂಗ್ಲಿಷ್ ಬೈಬಲಿನ ಮೂಲಕ ಅದು ಮನೆಮಾತಾಯಿತು. ನೇಗಿಲಿನ ನೆನಪೇ ಮಾಸಿದವರಿಗೆ ಇದು ಒಗಟು. ಎತ್ತನ್ನು ಕಂಡವರಿಗೆ ‘ಮುಳ್ಳುಗೋಲನ್ನು ಒದ್ದಂತೆ’ ಎಂದರೆ ಸಾಕು, ‘ವಿರುದ್ಧ’ ಎಂಬುದು ಬರುವುದೇ ಇಲ್ಲ.

ಕಷ್ಟಕಾಲಕ್ಕೆ ನಾಲ್ಕು ಕಾಸು ಉಳಿಸುವುದನ್ನು ಇಂಗ್ಲಿಷಿನವರು ಮಳೆಯ ದಿನಕ್ಕೆ ಉಳಿಸುವುದೆನ್ನುತ್ತಾರೆ. ಅಲ್ಲಿಯೂ ‘ಅಗೆನ್‌ಸ್ಟ್’ ಬರುವುದುಂಟು. ಮಳೆಯೊಡನೆ ಯುದ್ಧವೆಂದಲ್ಲ, ಮಳೆ ಬರುವುದರೊಳಗೆ ಅಣಿಯಾಗಿರುವುದೆಂದು ಇದರ ತಾತ್ಪರ್ಯ. ಬೇಥಾನಿಯದ ಮರಿಯಳು ತನ್ನ ಉತ್ತರಕ್ರಿಯೆಯ ದಿನಕ್ಕೆಂದು ಸುಗಂಧತೈಲವನ್ನು ಇಟ್ಟುಕೊಂಡಿದ್ದಳೆಂದು ಯೇಸು ಹೇಳುವಲ್ಲಿಯೂ 1611ರ ಬೈಬಲಿನಲ್ಲಿ ಇದೇ ಪದ, ಇದೇ ಅರ್ಥ. ಮುಗಿಲು ನೋಡುತ್ತ ಕುಳಿತ ಬಯಲುಸೀಮೆಯ ರೈತನಿಗೆ ಮಳೆಯ ದಿನವೆಂದರೆ ಕಷ್ಟದ ದಿನವೆಂದು ಹೇಳಿದರೆ ಆತ ಕಣ್ಣರಳಿಸಿ ನೋಡಿಯಾನು. ಆದರೆ ಮಲೆನಾಡಿನ ಗೃಹಿಣಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸೌದೆ ಒಟ್ಟುವುದು, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬುವುದು, ಉಪ್ಪಿನಕಾಯಿ ಹಾಕುವುದು, ಎಲ್ಲವೂ ಮಳೆಗಾಲಕ್ಕೆಂದೇ. ಆ ‘ಕ್ಕೆಂದು’ ಎಂಬ ಪುಟ್ಟ ಪ್ರತ್ಯಯ ‘ಅಗೆನ್‌ಸ್ಟ್’ನ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತದೆ.

ಗಡಿಯಾರದ ‘ವಿರುದ್ಧ’ ಓಡುವುದು, ಪ್ರವಾಹದ ‘ವಿರುದ್ಧ’ ಈಜುವುದು ಮುಂತಾದವು ಈಗಾಗಲೇ ಪತ್ರಿಕೆಗಳಲ್ಲಿ ಬೇರೂರಿವೆ. ಎರಡನೆಯದಕ್ಕೆ ‘ಎದುರೀಜು’ ಎಂಬ ಸೊಗಸಾದ ಮಾತು ಇದ್ದೂ ಅದು ಮೂಲೆಗೆ ಬಿದ್ದಿರುವುದು ವಿಷಾದದ ಸಂಗತಿ. ‘ಹೋಪ್ ಅಗೆನ್‌ಸ್ಟ್ ಹೋಪ್’ ಎಂಬುದು ಮಾತ್ರ ಯಾರನ್ನಾದರೂ ಕಾಡತಕ್ಕದ್ದು. ಮುಪ್ಪಿನಲ್ಲಿ ಮಗ ಹುಟ್ಟುವನೆಂಬ ಮಾತನ್ನು ನಂಬಿದ ಅಬ್ರಹಾಮನ ಬಗ್ಗೆ ಪೌಲನು ರೋಮಿನವರಿಗೆ ಬರೆದ ಪತ್ರದಿಂದ ಹೊರಟದ್ದು ಅದು. ‘ಆಸೆಯ ವಿರುದ್ಧ ಆಸೆ’ ಎಂದರೆ ಅರ್ಥವೇ ಸತ್ತುಹೋಗುತ್ತದೆ. ರೋಗಿಯ ಹಾಸಿಗೆಯ ಬಳಿ ಕುಳಿತ ತಾಯಿ, ವೈದ್ಯರು ಕೈಚೆಲ್ಲಿದ ಮೇಲೂ ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಾಳಲ್ಲ, ಅದು ಇದು. ‘ಆಸೆಗೆ ಎಡೆಯಿಲ್ಲದಿದ್ದರೂ ಆಸೆ ಬಿಡದೆ’ ಎಂದು ನಾಲ್ಕು ಮಾತು ಹೆಚ್ಚಾದರೂ ಬಿಡಿಸಿ ಹೇಳುವುದೇ ಮೇಲು.

ಇಷ್ಟೆಲ್ಲ ವಿಚಾರ ಪಂಡಿತರ ಚರ್ಚೆಗಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಸಿಡುಬು ಬಾರದಂತೆ ಮಕ್ಕಳಿಗೆ ಸೂಜಿ ಹಾಕಿಸುವುದನ್ನು ಜನ ‘ದೇವಿ ಹಾಕಿಸುವುದು’ ಎಂದು ತಾವೇ ಹೆಸರಿಟ್ಟು ಕರೆದರು. 1980ರಲ್ಲಿ ಆ ರೋಗ ಭೂಮಿಯಿಂದಲೇ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇಂದಿನ ಪ್ರಕಟಣೆಗಳಾದರೋ ರೋಗದ ‘ವಿರುದ್ಧ’ ಲಸಿಕೆ ಎನ್ನುತ್ತವೆ. ಅದನ್ನಾದರೂ ಸಹಿಸಿಕೊಳ್ಳಬಹುದು. ಆದರೆ ಸಾಲ ಕೊಡುವವರ ಕರಪತ್ರಗಳಲ್ಲಿ ‘ಆಸ್ತಿಯ ವಿರುದ್ಧ ಸಾಲ’, ‘ಚಿನ್ನದ ವಿರುದ್ಧ ಸಾಲ’ ಎಂಬ ಮಾತುಗಳು ಕಾಣಿಸುತ್ತಿವೆ. ಮಗನ ಓದಿಗೋ ಮಗಳ ಮದುವೆಗೋ ಹಣ ಬೇಕಾಗಿ, ಮನೆಯ ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ವೃದ್ಧೆಯೊಬ್ಬಳು ಅದನ್ನು ಅಕ್ಷರ ಕೂಡಿಸಿ ಓದಿದಳೆಂದು ಭಾವಿಸೋಣ. ‘ವಿರುದ್ಧ’ ಎಂಬ ಪದವನ್ನು ಆಕೆ ಕಂಡಿರುವುದು ಕೋರ್ಟಿನ ಕಾಗದಗಳಲ್ಲಿ. ತನ್ನ ಮನೆಯ ಮೇಲೆ ಯಾರೋ ದಾವೆ ಹೂಡಿದ್ದಾರೆಂದು ಆಕೆಯ ಎದೆ ಧಸಕ್ಕೆಂದರೆ ಅಚ್ಚರಿಯೇನು? ಸಹಿ ಹಾಕಿದರೆ ಮನೆ ಉಳಿದೀತೋ ಹೋದೀತೋ ಎಂಬುದು ಆಕೆಗೆ ಕಾಗದದಿಂದ ತಿಳಿಯಬೇಕಾದ ಮೊದಲನೆಯ ಸಂಗತಿ; ಕಾಗದವು ಅದೊಂದನ್ನೇ ಮರೆಮಾಡಿದೆ. ಕಡೆಗೆ ಗುಮಾಸ್ತ ಎದ್ದು ಬಂದು, “ಮನೆ ಪತ್ರ ಅಡ ಇಟ್ಕೊಂಡು ಸಾಲ ಕೊಡ್ತೀವಿ, ಅಮ್ಮಾ. ತೀರಿಸಿದ್ರೆ ಪತ್ರ ವಾಪಸ್ಸು, ತೀರಿಸದಿದ್ರೆ ಮನೆಗೇ ಬರುತ್ತೆ” ಎನ್ನುತ್ತಾನೆ. ಕರಪತ್ರವನ್ನು ಕನ್ನಡಿಸುವ ಕೆಲಸವನ್ನು ಅವನಿಗೇ ವಹಿಸಬಹುದಾಗಿತ್ತು.