ಚಳಿಗಾಲವಿಲ್ಲದ ಊರಿನ ಕೆಂಪು ವೈನ್

ನವೆಂಬರ್ ಬಂತೆಂದರೆ ನಮ್ಮ ಎನ್‌ಸಿಆರ್‌ನಲ್ಲಿ ಮದುವೆ, ಪಾರ್ಟಿಗಳ ಸುಗ್ಗಿ. ಮೇಜಿನ ಮೇಲೆ ಕೆಂಪು ವೈನ್ ಇದ್ದರೆ ಮೊದಲು ಎಲ್ಲರೂ ನೋಡುವುದು ಅದು ಯಾವ ದೇಶದ್ದು ಅಂತ. ಫ್ರಾನ್ಸಿನದೋ ಚಿಲಿಯದೋ ಆದರೆ ಮೆಚ್ಚುಗೆ. ನಂದಿಬೆಟ್ಟದ ಬುಡದ್ದು ಅಂದರೆ "ಓ, ಇಂಡಿಯನ್ನಾ?" ಎಂಬ ಒಂದು ಸಣ್ಣ ನಗು. ನಮ್ಮ ಓದುಗರಲ್ಲಿ ಕುಡಿಯುವವರೂ ಇದ್ದಾರೆ, ವಾಸನೆಗೇ ಮೂಗು ಮುಚ್ಚುವವರೂ ಇದ್ದಾರೆ. ಈ ಸಲದ ಮಾತು ಇಬ್ಬರಿಗೂ, ಯಾಕೆಂದರೆ ಇದು ಬಾಟಲಿಗಿಂತ ಹೆಚ್ಚಾಗಿ ಬೆಳೆಯ ವಿಷಯ.

ವ್ಯವಹಾರಕ್ಕಾಗಿ ಫ್ರಾನ್ಸಿಗೆ ಹೋಗಿಬರುತ್ತಿದ್ದ ಉದ್ಯಮಿ ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಯ ದ್ರಾಕ್ಷಿ ನೆಡಿಸಿದರು. ಆ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ. ಬೆಂಗಳೂರು ಬ್ಲೂ ಅಲ್ಲಿನ ಮನೆಮಗಳು, 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಆದರೆ ಒಳ್ಳೆಯ ಕೆಂಪು ವೈನಿಗೆ ಬೇಕಾದ ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್ ತಳಿಗಳು ಬೇರೆಯೇ ಜಾತಿ. ಕಾಳು ಸಣ್ಣದು, ಸಿಪ್ಪೆ ದಪ್ಪ, ರಸ ಕಡಿಮೆ. ತಿನ್ನಲು ಯಾರೂ ಕೊಳ್ಳುವುದಿಲ್ಲ. ಈ ಎರಡನ್ನೂ ಬೆರೆಸಿ, ಫ್ರೆಂಚ್ ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ 'ಲಾ ರಿಸರ್ವ್' ಆ ತೋಟದ ಹೆಸರಾಂತ ಕೆಂಪು ವೈನ್. ಬೋರ್ಡೋ ಸೀಮೆಯ ಮಿಶೆಲ್ ರೋಲಾಂ ಇದಕ್ಕೆ ಸಲಹೆಗಾರರಾಗಿದ್ದರು.

ಫ್ರೆಂಚ್ ಬಳ್ಳಿಗೆ ನಮ್ಮೂರಿನಲ್ಲಿ ಒಂದು ತೊಂದರೆ ಇದೆ. ಅದರ ತವರಿನಲ್ಲಿ ಚಳಿಗಾಲ ಬಂದರೆ ಎಲೆ ಉದುರಿಸಿ ಮಲಗುತ್ತದೆ. ವಸಂತದಲ್ಲಿ ಚಿಗುರಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣು ಕೊಡುತ್ತದೆ. ದೊಡ್ಡಬಳ್ಳಾಪುರದಲ್ಲಿ ಅಂಥ ಚಳಿ ಎಲ್ಲಿದೆ? ಅಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ವರ್ಷವಿಡೀ ಹಸಿರು. ಹಾಗಾಗಿ ಚಳಿಗಾಲದ ಕೆಲಸವನ್ನು ಕತ್ತರಿ ಮಾಡಬೇಕು. ಬೇಸಿಗೆಯಲ್ಲಿ, ಏಪ್ರಿಲ್ ಹೊತ್ತಿಗೆ, ಒಮ್ಮೆ ಗಿಡವನ್ನು ಬೋಳಾಗಿ ಸವರುತ್ತಾರೆ. ಆಗ ಬರುವ ಚಿಗುರು ಹಣ್ಣಿಗಲ್ಲ, ಕಡ್ಡಿ ಬಲಿಯುವುದಕ್ಕೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಎರಡನೇ ಕತ್ತರಿ. ಹೂವು, ಕಾಯಿ ಎಲ್ಲ ಈ ಚಿಗುರಿಗೆ. ವಿಜಯಪುರದ ಕಡೆಯ ಓದುಗರಿಗೆ ಇದು ಹೇಳಬೇಕಿಲ್ಲ, ಅವರು ಇದನ್ನೇ ಚಾಟ್ನಿ ಅನ್ನುತ್ತಾರೆ.

ಅಲ್ಲಿಂದ ಕೊಯ್ಲಿಗೆ ಸುಮಾರು ಐದು ತಿಂಗಳು. ಮೊದಲ ತಿಂಗಳುಗಳೇ ಗಂಡಾಂತರದವು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದು ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಹೂವಿಗೆ ಬೂಜುರೋಗ, ಆ ವರ್ಷದ ಲೆಕ್ಕವೇ ತಲೆಕೆಳಗು. ಅದು ದಾಟಿದರೆ ಡಿಸೆಂಬರ್, ಜನವರಿಯ ಒಣಹವೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ, ಹಗಲು ಬಿಸಿಲು, ರಾತ್ರಿ ಸ್ವೆಟರ್ ಬೇಕೆನಿಸುವ ತಂಪು. ಹಗಲು ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಇಲ್ಲೇ ಒಂದು ಮುಖ್ಯ ವ್ಯತ್ಯಾಸ: ಫ್ರಾನ್ಸಿನ ಹಣ್ಣು ಚಳಿಯ ಕಡೆಗೆ ಹೋಗುತ್ತಾ ಮಾಗಿದರೆ, ನಮ್ಮದು ಬೇಸಿಗೆಯ ಕಡೆಗೆ ಹೋಗುತ್ತಾ ಮಾಗುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಬಿಸಿಲು ಏರಿದರೆ ಸಕ್ಕರೆ ಓಡುತ್ತದೆ, ಸಿಪ್ಪೆ ಬೀಜಗಳು ಹಿಂದೆ ಉಳಿಯುತ್ತವೆ. ಬೇಗ ಕೊಯ್ದರೆ ಹಸಿ ದೊಣ್ಣೆಮೆಣಸಿನ ವಾಸನೆ, ತಡವಾದರೆ ಹುಳಿ ಹೋಗಿ ಸಪ್ಪೆ. ಈ ಕೆಲವೇ ದಿನಗಳ ಲೆಕ್ಕ ಸರಿಯಾದರೆ ಮಾತ್ರ ಒಳ್ಳೆಯ ವೈನ್.

ಇನ್ನು ರುಚಿ. ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿಲ್ಲ, ಬಣ್ಣವೆಲ್ಲ ಸಿಪ್ಪೆಯದು. ರಸ ಸಿಪ್ಪೆಯೊಂದಿಗೇ ಹುದುಗುವಾಗ ಕೆಂಪೂ ಬರುತ್ತದೆ, ಒಗರೂ ಬರುತ್ತದೆ. 'ಟ್ಯಾನಿನ್' ಎಂದು ವೈನ್ ಪಂಡಿತರು ಹೇಳುವುದು ನಾಲಿಗೆಗೆ ನಮ್ಮ ಒಗರೇ. ಜುಲೈನಲ್ಲಿ ಲ್ಯುಟೆನ್ಸ್ ದೆಹಲಿಯ ರಸ್ತೆಬದಿಯ ನೇರಳೆಹಣ್ಣು ತಿಂದವರ ನಾಲಿಗೆಗೆ ಅದರ ಪರಿಚಯ ಚೆನ್ನಾಗಿದೆ. ಶಿರಾಜ್‌ನಲ್ಲಿ ಕಾಳುಮೆಣಸಿನ ಘಮ ಅಂತ ಹೇಳುವುದೂ ಬರೀ ಬಣ್ಣನೆಯಲ್ಲ. ರೊಟಂಡೋನ್ ಎಂಬ ಒಂದೇ ವಸ್ತು ಮಲೆನಾಡಿನ ಮೆಣಸಿನಲ್ಲೂ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು.

ಆದ್ದರಿಂದ ನಂದಿಯ ವೈನಿನಲ್ಲಿ ಬೋರ್ಡೋ ಹುಡುಕಬೇಡಿ. ಬಿಸಿಲಿಗೆ ಮುಖಮಾಡಿ ಮಾಗಿದ ಹಣ್ಣು ಅದು, ಹೆಚ್ಚು ತುಂಬಿಕೊಂಡಿರುತ್ತದೆ, ಹುಳಿ ಮೆತ್ತಗೆ. ಅದನ್ನು ಅದರದೇ ಗುಣಕ್ಕೆ ನೋಡಿದರೆ ಸಾಕು. ನಮ್ಮೂರಿನದು ಅಂತ ರಿಯಾಯಿತಿ ಕೊಡಬೇಕಿಲ್ಲ. ಬಾಟಲಿಯ ಮೇಲಿನ ವರ್ಷ ಕೊಯ್ಲಿನ ವರ್ಷ. 2024 ಅಂತಿದ್ದರೆ ಆ ಹೂವು ಅರಳಿದ್ದು 2023ರ ಕೊನೆಯಲ್ಲಿ. ಇನ್ನೊಂದು ಮಾತು: ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಅನ್ನುವುದು ಯೂರೋಪಿನ ತಂಪು ಕೋಣೆಗೆ ಹೇಳಿದ್ದು. ನಮ್ಮ ಮೇ ತಿಂಗಳಿಗೂ, ಹೀಟರ್ ಹಾಕಿದ ಜನವರಿಯ ಕೋಣೆಗೂ ಅದು ಹೊಂದುವುದಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಕೊನೆಗೆ ಮನಸ್ಸಿಗೆ ಚುಚ್ಚುವ ಮಾತು. ನೆಟ್ಟ ಬಳ್ಳಿ ಸರಿಯಾದ ಫಸಲು ಕೊಡಲು ಮೂರು ವರ್ಷ ಬೇಕು, ಅದರ ಗುಣ ಗಟ್ಟಿಯಾಗಲು ಇನ್ನೂ ಹೆಚ್ಚು. ಗುಣ ಬೇಕೆಂದರೆ ಗೊಂಚಲು ಕಡಿಮೆ ಬಿಡಬೇಕು, ಅಂದರೆ ರೈತ ಕೈಯಾರೆ ಇಳುವರಿ ಕಳೆದುಕೊಳ್ಳಬೇಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆ ಸೀಮೆಯಲ್ಲಿ ಅಷ್ಟು ವರ್ಷ ಕಾಯದೆಯೇ ಹಣ ಕೊಡುವ ಬೆಳೆಯೊಂದಿದೆ, ಅದು ಸೈಟು. ರಜೆಗೆಂದು ಊರಿಗೆ ಹೋದಾಗ ನಂದಿ ರಸ್ತೆಯಲ್ಲಿ ಸೈಟಿನ ರೇಟು ವಿಚಾರಿಸುವವರಲ್ಲಿ ನಾವು ದೆಹಲಿ ಕನ್ನಡಿಗರೂ ಇದ್ದೇವೆ. ಮುಂದಿನ ಸಲ ವಿಚಾರಿಸುವಾಗ, ಅಲ್ಲಿ ಮೊದಲು ಏನು ಬೆಳೆಯುತ್ತಿತ್ತು ಎಂದೂ ಒಂದು ಮಾತು ಕೇಳಿ.