ಸರಿಜೋಡಿಯೂ ಸಲ್ಲತಕ್ಕ ಬಹುಮಾನವೂ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಬೆಳೆದವರಿಗೆ ಕುಸ್ತಿಯ ವಿಷಯವಾಗಿ ನಾವು ಹೊಸದಾಗಿ ಹೇಳತಕ್ಕದ್ದೇನೂ ಇಲ್ಲ. ಪಂದ್ಯಕ್ಕೆ ಮುಂಚೆ ಜೋಡಿ ಕಟ್ಟುವುದೆಂಬ ಕಾರ್ಯವೊಂದುಂಟಷ್ಟೆ. ಹಿರಿಯರೂ ಉಸ್ತಾದರೂ ಕಲೆತು, ಪೈಲ್ವಾನರ ಮೈಕಟ್ಟು, ತೂಕ, ವಯಸ್ಸು, ಹಿಂದೆ ಅವರು ಆಡಿದ ಪಂದ್ಯಗಳು ಇವನ್ನೆಲ್ಲ ವಿಚಾರಿಸಿ, ಸರಿಸಮಾನರನ್ನು ಎದುರುಬದುರಾಗಿ ನಿಲ್ಲಿಸುವರು. ಮೈಸೂರಿನ ದಸರಾ ಕುಸ್ತಿಗೂ ಇದೇ ಪದ್ಧತಿ. ಆನೆಯ ಮುಂದೆ ಆಡನ್ನು ಬಿಟ್ಟರೆ ನೋಡುವವರಿಗೆ ಸೊಗಸಿಲ್ಲ, ಗೆದ್ದವನಿಗೆ ಕೀರ್ತಿಯಿಲ್ಲ, ಸೋತವನಿಗೆ ವಿದ್ಯೆಯಿಲ್ಲ. ಆದರೆ ಜೋಡಿಯನ್ನು ಇಷ್ಟು ಎಚ್ಚರದಿಂದ ಹೊಂದಿಸುವ ಹಿರಿಯರು, ಪಂದ್ಯ ಮುಗಿದ ಮೇಲೆ ತಮ್ಮ ಮನಸ್ಸಿಗೆ ಬಂದಂತೆ ಗದೆಯನ್ನು ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಜೋಡಿಯ ನ್ಯಾಯವೇ ಬೇರೆ, ಬಹುಮಾನದ ನ್ಯಾಯವೇ ಬೇರೆ. ಈ ಭೇದವನ್ನು ಒಂದು ಹೊಸ ಆಟದ ಮೂಲಕ ವಿಚಾರಮಾಡುವುದು ಈ ತಿಂಗಳ ನಮ್ಮ ಉದ್ದೇಶ.

ಬೆಂಗಳೂರೇ ಮೊದಲಾದ ಪಟ್ಟಣಗಳಲ್ಲಿ ತರುಣರು ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟಗಳ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ಇವುಗಳಲ್ಲಿ ಮೊದಲನೆಯದೆಂದು ಹೆಸರಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನಸನ್ ಎಂಬಿಬ್ಬರು ೧೯೭೪ರಲ್ಲಿ ಪ್ರಕಟಿಸಿದರು. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು. ಉಳಿದವರು ವೀರನಾಗಿಯೋ ಮಂತ್ರವಾದಿಯಾಗಿಯೋ ಪಾತ್ರ ವಹಿಸುವರು. ಕಾಡಿನಲ್ಲಿ ರಾಕ್ಷಸರು ಎದುರಾದರೆ, ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಉರುಳಿಸಿ ನಿರ್ಣಯಿಸುವರು. ಗೆದ್ದವರಿಗೆ ಅನುಭವದ ಅಂಕಗಳೂ, ಕಥೆಯೊಳಗಿನ ಹೊನ್ನೂ, ಮಾಂತ್ರಿಕ ವಸ್ತುಗಳೂ ದೊರೆಯುವುವು. ಅಂಕಗಳು ಕೂಡಿದಂತೆ ಪಾತ್ರವು ಒಂದೊಂದೇ ಮೆಟ್ಟಿಲು ಏರುವುದು.

ಒಂದೇ ಮನೆಯವರು ಆಡುವಾಗ ಸೂತ್ರಧಾರನ ಇಷ್ಟವೇ ಕಟ್ಟಳೆ. ಆದರೆ ೨೦೧೪ರಲ್ಲಿ ಆರಂಭವಾದ ‘ಅಡ್ವೆಂಚರರ್ಸ್ ಲೀಗ್’ ಮುಂತಾದ ಸಂಘಟಿತ ಆಟಗಳಲ್ಲಿ ಹಾಗಲ್ಲ. ಅಲ್ಲಿ ಒಂದೇ ಕಥೆಯನ್ನು ನೂರಾರು ಮೇಜುಗಳಲ್ಲಿ ನಡೆಸುವರು. ಒಂದೂರಿನಲ್ಲಿ ಬೆಳೆಸಿದ ಪಾತ್ರವನ್ನು ಆಟಗಾರನು ಇನ್ನೊಂದೂರಿನ ಮೇಜಿಗೆ ಕೊಂಡೊಯ್ಯಬಹುದು. ಮೇಜಿಗೆ ಮೂವರು ಬರಬಹುದು, ಏಳು ಜನರೂ ಬರಬಹುದು. ಆದಕಾರಣ ಕಥೆಯ ಪುಸ್ತಕದಲ್ಲಿಯೇ, ಬಂದವರ ಸಂಖ್ಯೆಯನ್ನೂ ಪಾತ್ರಗಳ ಸರಾಸರಿ ಮೆಟ್ಟಿಲನ್ನೂ ನೋಡಿ ತಂಡವನ್ನು ಅತಿ ದುರ್ಬಲ, ದುರ್ಬಲ, ಸಾಧಾರಣ, ಬಲಿಷ್ಠ, ಅತಿ ಬಲಿಷ್ಠ ಎಂದು ಐದು ಬಗೆಯಾಗಿ ವಿಂಗಡಿಸಿ, ಯಾವ ತಂಡಕ್ಕೆ ಎಷ್ಟು ಶತ್ರುಗಳನ್ನು ತೆಗೆಯಬೇಕು, ಎಷ್ಟನ್ನು ಸೇರಿಸಬೇಕು ಎಂದು ಸೂಚಿಸಿದರು.

ಇದರ ಲೆಕ್ಕ ಹೇಗೆಂಬುದನ್ನು ನಮ್ಮ ಸೀಮೆಯಿಂದಲೇ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಂಡು ತಿಳಿಯೋಣ. ತಾಂಡ್ಯದ ಕಾರ್ಖಾನೆಗಳಲ್ಲಿ ದುಡಿಯುವ ನಾಲ್ವರು ಗೆಳೆಯರು ಭಾನುವಾರ ಆಡಲು ಕಲೆಯುವರೆಂದಿಟ್ಟುಕೊಳ್ಳೋಣ. ಎಲ್ಲರ ಪಾತ್ರಗಳೂ ಮೊದಲ ಮೆಟ್ಟಿಲಿನವು. ಎದುರಿಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು ನಾಲ್ವರು. ೨೦೧೪ರ ಕೈಪಿಡಿಯ ಪ್ರಕಾರ ಒಬ್ಬೊಬ್ಬ ಗಾಬ್ಲಿನ್‌ಗೆ ೫೦ ಅಂಕ, ಒಟ್ಟು ೨೦೦. ಆದರೆ ಶತ್ರುಗಳು ಮೂರರಿಂದ ಆರರವರೆಗೆ ಇದ್ದರೆ ಮೊತ್ತವನ್ನು ಎರಡರಿಂದ ಗುಣಿಸಿ ಕಷ್ಟವನ್ನು ಅಳೆಯಬೇಕು. ಆಗ ೪೦೦ ಆಯಿತು. ಅಂಥ ನಾಲ್ವರಿಗೆ ೨೦೦ ಸಾಧಾರಣ ಕಷ್ಟ, ೩೦೦ ಕಠಿನ, ೪೦೦ ಪ್ರಾಣಾಂತಿಕ!

ಗುಣಿಸುವುದೇಕೆಂದು ಕೇಳುವಿರಾ? ಹುಲಿ-ಕುರಿ ಆಟವನ್ನು ಬಲ್ಲವರಿಗೆ ಉತ್ತರ ಹೊಳೆಯದಿರದು. ಮೂರು ಹುಲಿಗಳಿಗೆ ಹದಿನೈದು ಕುರಿಗಳು ಎದುರಾಗುವ ಆ ಆಟದಲ್ಲಿ ಒಂದೊಂದು ಕುರಿಯೂ ಸಾಧುವೇ. ಆದರೆ ಅವು ಒತ್ತಾಗಿ ನಿಂತರೆ ಹುಲಿಗೆ ಹೆಜ್ಜೆಯಿಡಲು ಎಡೆಯಿರುವುದಿಲ್ಲ. ಬಲಕ್ಕಿಂತ ಸಂಖ್ಯೆ ಕೆಲವು ವೇಳೆ ಭಯಂಕರ. ಶತ್ರುಗಳು ಹೆಚ್ಚಿದಷ್ಟೂ ಅವರಿಗೆ ಸಲ್ಲುವ ಸರದಿಗಳು ಹೆಚ್ಚುವುವು, ಏಟುಗಳೂ ಹೆಚ್ಚುವುವು. ೨೦೨೪ರ ಪರಿಷ್ಕೃತ ಕೈಪಿಡಿಯಲ್ಲಿ ಈ ಗುಣಾಕಾರವನ್ನು ಕೈಬಿಟ್ಟಿದ್ದಾರೆ. ಲೆಕ್ಕವು ಸುಲಭವಾಯಿತು, ಆದರೆ ಸಂಖ್ಯೆಯ ಮೇಲೆ ಕಣ್ಣಿಡುವ ಹೊಣೆ ಸೂತ್ರಧಾರನಿಗೆ ತಪ್ಪಲಿಲ್ಲ.

ಈಗ ನಾಲ್ವರಲ್ಲಿ ಒಬ್ಬನಿಗೆ ಕಾರ್ಖಾನೆಯ ಪಾಳಿ ಬಿದ್ದು, ಮೂವರೇ ಬಂದರೆನ್ನೋಣ. ಈ ಮೂವರಿಗೆ ೩೦೦ ಅಂಕವೇ ಪ್ರಾಣಾಂತಿಕ. ಒಬ್ಬ ಗಾಬ್ಲಿನ್‌ನನ್ನು ತೆಗೆದರೆ ಸಾಲದು. ಉಳಿದ ಮೂವರ ೧೫೦ ಅಂಕವನ್ನು ಎರಡರಿಂದ ಗುಣಿಸಿದರೆ ಮತ್ತೆ ೩೦೦ ಬರುವುದು. ಇಬ್ಬರನ್ನು ತೆಗೆದರೆ ೧೦೦ ಉಳಿಯಿತು. ಇಬ್ಬರು ಶತ್ರುಗಳಿಗೆ ಗುಣಕ ಒಂದೂವರೆ. ಕಷ್ಟದ ಅಳತೆ ೧೫೦. ಇದು ಮೂವರಿಗೆ ಸರಿಯಾಗಿ ಸಾಧಾರಣ ಕಷ್ಟ. ವಾರವೆಲ್ಲ ದುಡಿದು ಬಂದವನ ಪಾತ್ರವು, ಗೆಳೆಯನೊಬ್ಬನು ಬರಲಿಲ್ಲವೆಂಬ ಕಾರಣಕ್ಕೆ, ಅರ್ಧ ಗಂಟೆಯೊಳಗೆ ಸಾಯಬೇಕಾಗಿಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಗುಣಿಸಿ ಬಂದ ೪೦೦ ಅಥವಾ ೧೫೦ ಎಂಬುದು ಕಷ್ಟವನ್ನು ತೂಗುವುದಕ್ಕೆ ಮಾತ್ರ. ಹಂಚತಕ್ಕದ್ದು ಗುಣಿಸದ ಮೂಲ ಅಂಕ. ಅಂದರೆ ನಾಲ್ವರಿದ್ದಾಗ ೨೦೦, ಮೂವರಿದ್ದಾಗ ೧೦೦. ಕಷ್ಟದ ಖಾತೆಯೇ ಬೇರೆ, ಪ್ರತಿಫಲದ ಖಾತೆಯೇ ಬೇರೆ. ಹಾಗಾದರೆ ಮೂವರೇ ಬಂದದ್ದರಿಂದ ಅವರಿಗೆ ನಷ್ಟವಾಗಲಿಲ್ಲವೆ ಎಂದು ಕೆಲವರು ಕೇಳಬಹುದು. ಅದಕ್ಕಾಗಿಯೇ ಲೀಗಿನ ಮೊದಲ ವರ್ಷಗಳ ಕಥೆಗಳಲ್ಲಿ ಒಬ್ಬೊಬ್ಬ ಪಾತ್ರಕ್ಕೆ ಸಲ್ಲಬೇಕಾದ ಕನಿಷ್ಠ ಅಂಕವನ್ನೂ ಮೀರಬಾರದ ಗರಿಷ್ಠ ಅಂಕವನ್ನೂ ಮುಂಚಿತವಾಗಿ ಅಚ್ಚು ಹಾಕಿದ್ದರು. ಮಾಂತ್ರಿಕ ವಸ್ತು ಒಂದೇ ಇದ್ದು, ಬೇಡುವವರು ಹಲವರಾಗಿ ಒಮ್ಮತವಾಗದಿದ್ದರೆ, ಯಾರ ಬಳಿ ಅಂಥ ವಸ್ತುಗಳು ಕಡಮೆಯೋ ಅವರಿಗೆ ಸಲ್ಲಬೇಕೆಂದು ನಿಯಮವಿತ್ತು. ೨೦೧೮ರಲ್ಲಿ ಲೀಗಿನವರು ಈ ಕ್ರಮವನ್ನು ಬಿಟ್ಟು, ಆಡಿದ ಹೊತ್ತನ್ನೂ ಪೂರೈಸಿದ ಉದ್ದೇಶಗಳನ್ನೂ ಅನುಸರಿಸಿ ಪ್ರತಿಫಲ ಕೊಡತೊಡಗಿದರು. ನಿಯಮ ಬದಲಾದರೂ ಮೊದಲೇ ಸಾರಿ ಹೇಳುವ ಧರ್ಮ ಬದಲಾಗಲಿಲ್ಲ.

ಈ ಕಟ್ಟುನಿಟ್ಟೆಲ್ಲ ಏತಕ್ಕೆ? ನಂಜನಗೂಡಿನ ಮೇಜಿನಲ್ಲಿ ಉದಾರಿಯಾದ ಸೂತ್ರಧಾರನು ಬೇಡಿದವರಿಗೆಲ್ಲ ಮಾಂತ್ರಿಕ ಖಡ್ಗಗಳನ್ನು ಕೊಟ್ಟನೆನ್ನಿ. ಆ ಪಾತ್ರವು ನರಸೀಪುರದ ಮೇಜಿಗೆ ಬಂದರೆ, ಅಲ್ಲಿ ತಿಂಗಳುಗಟ್ಟಲೆ ಆಡಿ ಒಂದೇ ಖಡ್ಗ ಗಳಿಸಿದವನ ಶ್ರಮಕ್ಕೆ ಬೆಲೆಯೆಲ್ಲಿ? ಕಷ್ಟವು ಆ ಮೇಜಿನಲ್ಲಿಯೇ ಮುಗಿದುಹೋಗುವುದು. ಬಹುಮಾನವೋ ಊರೂರು ತಿರುಗುವುದು. ಆದುದರಿಂದ ಕಷ್ಟವನ್ನು ಕುಳಿತವರ ಶಕ್ತಿಗೆ ತಕ್ಕಂತೆ ತಗ್ಗಿಸಲಿ, ಏರಿಸಲಿ. ಬಹುಮಾನವನ್ನು ಮಾತ್ರ ಎಲ್ಲರೂ ಬಲ್ಲ ಒಂದೇ ಅಳತೆಯಿಂದ ಅಳೆಯಲಿ.

ಗೃಹಸ್ಥರಾದ ನಮಗೆ ಇದರಿಂದ ಒಂದು ಪ್ರಯೋಜನವುಂಟು. ಚೌಕಾಬಾರದಲ್ಲಿ ಕಿರಿಯ ಮಗು ಅಳುವುದೆಂದು ಎಷ್ಟೋ ಮನೆಗಳಲ್ಲಿ ಹಿರಿಯರು ಕವಡೆಯ ಎಣಿಕೆಯನ್ನು ಕಂಡೂ ಕಾಣದಂತೆ ಬಿಟ್ಟುಬಿಡುವರು. ಮಗುವಿಗೆ ಗೆಲವು ಸಿಕ್ಕಿತು, ನಿಜ. ಅಣ್ಣನಿಗೆ ನಿಯಮದ ಮೇಲಿನ ನಂಬಿಕೆ ಹೋಯಿತು. ಸತ್ಯ ತಿಳಿದ ದಿನ ಆ ಮಗುವಿಗೂ ತನ್ನ ಗೆಲವು ಹುಸಿಯೆಂದು ತೋರುವುದು. ಹಾಗೆ ಮಾಡುವುದಕ್ಕೆ ಬದಲಾಗಿ, ಆಟಕ್ಕೆ ಕೂಡುವ ಮೊದಲೇ ಎಲ್ಲರೆದುರಿಗೆ ಕಿರಿಯವನ ಒಂದು ಕಾಯಿಯನ್ನು ಹಣ್ಣು ಮಾಡಿಕೊಡಲಿ. ಅನಂತರ ಕವಡೆ ಬಿದ್ದಂತೆ ಆಟ ನಡೆಯಲಿ. ವರ್ಷ ಕಳೆದು ಮಗು ಬಲಿತ ಮೇಲೆ ಆ ರಿಯಾಯಿತಿಯನ್ನೂ ಎಲ್ಲರೆದುರಿಗೇ ಹಿಂದಕ್ಕೆ ತೆಗೆದುಕೊಳ್ಳಲಿ. ಅಂದು ರಿಯಾಯಿತಿಯಿಲ್ಲದೆ ಗೆದ್ದ ಮಗುವಿನ ಮುಖವನ್ನು ನೋಡಿದ ತಾಯಿಯು, ಕವಡೆಯ ಎಣಿಕೆಯನ್ನು ಮತ್ತೆಂದೂ ಮರೆಮಾಚಲಾರಳೆಂದು ನಾವು ನಂಬುತ್ತೇವೆ.